ಕೊಪ್ಪದಲ್ಲಿ ಕೊಡೆ ಹಿಡಿಯದವನು

ನಮ್ಮ ಮನೆಯವಳು ಮೊನ್ನೆ ಹೊಸ ಕೊಡೆಯೊಂದನ್ನು ತಂದು ನನ್ನ ಕೈಗಿಟ್ಟಳು. ಗುಂಡಿ ಒತ್ತಿದರೆ ತಾನೇ ಬಿಚ್ಚಿಕೊಳ್ಳುವಂಥದ್ದು. ಹೊಸ ಬಟ್ಟೆಯ ಜೊತೆ ಕಡ್ಡಿಗೆ ಹಚ್ಚಿದ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. “ಕೊಪ್ಪದಲ್ಲಿದ್ದು ಕೊಡೆ ಹಿಡೀದೆ ಇರೋ ಗಂಡಸು ನೀವೊಬ್ರೇ. ಊರವರು ನಗ್ತಾರೆ ಮಾರಾಯ್ರೆ” ಎಂದಳು. ನಗುವುದು ನಿಜ. ಮಳೆಗಾಲವಿಡೀ ರೇನ್‌ಕೋಟಿನೊಳಗೆ ಬೆವರಿ, ಹೊರಗಿನಿಂದಲೂ ಒಳಗಿನಿಂದಲೂ ಒದ್ದೆಯಾಗಿ ಓಡಾಡುವ ನನ್ನನ್ನು ಕಂಡು ನಾನೇ ಎಷ್ಟೋ ಸಲ ನಕ್ಕಿದ್ದೇನೆ. ಕಾರಣವನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ಅವಳಿಗೂ ಹೇಳಿರಲಿಲ್ಲ.

ಹೊಸ ಶತಮಾನ ಶುರುವಾಗಿ ನಾಲ್ಕೈದು ವರ್ಷವಾಗಿತ್ತು. ಮೊಬೈಲ್ ಕೈಗೆ ಬಂದಿತ್ತು, ಸಿಗ್ನಲ್ ಮಾತ್ರ ಗುಡ್ಡ ಹತ್ತಿದವರಿಗೆ ಸಿಗುತ್ತಿತ್ತು. ನಾನು ಊರಿನ ಒಂದು ಖಾಸಗಿ ಕಾಲೇಜಿನಲ್ಲಿ ಗುಮಾಸ್ತ. ಈಗ ಆ ಕಾಲೇಜು ಬಾಗಿಲು ಹಾಕಿದೆ. ಅದಕ್ಕೆ ಹೆಸರು ತಂದದ್ದು ಪಾಠವಲ್ಲ, ಕಬಡ್ಡಿ. ಎದುರಾಳಿಯ ಅಂಕಣಕ್ಕೆ ನುಗ್ಗುವುದನ್ನು ಪಿ.ಟಿ. ಮೇಷ್ಟ್ರು ಕಲಿಸುತ್ತಿದ್ದರು, ನುಗ್ಗಿ ಬಂದವನನ್ನು ಹಿಡಿಯುವುದನ್ನು ಕಲಿಸುತ್ತಿದ್ದವರು ಇಬ್ರಾಹಿಮಣ್ಣ. ಬಸ್‌ಸ್ಟ್ಯಾಂಡಿನ ಪಕ್ಕ ಕೊಡೆ ರಿಪೇರಿ ಮಾಡುತ್ತಿದ್ದವರು. ಪ್ರಾಯದಲ್ಲಿ ಅವರ ಕೈಗೆ ಕಾಲು ಸಿಕ್ಕಿದರೆ ಬಿಡಿಸಿಕೊಂಡು ಹೋದವರಿಲ್ಲವಂತೆ. “ಅವಸರ ಮಾಡ್ಬೇಡ ಮಾರಾಯ. ಅವನ ಉಸಿರು ಸಣ್ಣ ಆಗ್ಲಿ, ಆಮೇಲೆ ಹಿಡಿ.” ಅವರ ಪಾಠವೆಲ್ಲ ಇಷ್ಟೇ.

ಆಟದ ನಡುವೆ ಹೊರಗಿನಿಂದ ಕೂಗಿ ಹೇಳಿಕೊಡುವ ಹಾಗಿರಲಿಲ್ಲ. ಇಬ್ರಾಹಿಮಣ್ಣ ಅದಕ್ಕೊಂದು ಉಪಾಯ ಕಂಡುಕೊಂಡಿದ್ದರು. ನಡುಗೆರೆಯ ಹತ್ತಿರ, ಜನರ ಮಧ್ಯೆ, ನಮ್ಮ ಹುಡುಗರ ಕಣ್ಣಿಗೆ ಬೀಳುವಂತೆ ನಿಲ್ಲುತ್ತಿದ್ದರು. ಬಂದವನ ‘ಕಬಡ್ಡಿ ಕಬಡ್ಡಿ’ಯಲ್ಲಿ ಉಸಿರು ಸೋಲುವುದನ್ನು ಕಿವಿಯಲ್ಲೇ ಅಳೆದು, ಸರಿಯಾದ ಹೊತ್ತಿಗೆ ಕಪ್ಪು ಕೊಡೆ ಬಿಚ್ಚುತ್ತಿದ್ದರು. ಅಷ್ಟೇ, ಕೈ ಕೈ ಹಿಡಿದ ನಮ್ಮವರ ಸರಪಳಿ ಅವನ ಮೇಲೆ ಬೀಳುತ್ತಿತ್ತು. ನಮ್ಮ ಕಡೆ ಒಬ್ಬ ಕೊಡೆ ಬಿಚ್ಚಿದರೆ ಯಾರು ಅನುಮಾನ ಪಡುತ್ತಾರೆ ಹೇಳಿ? ಬಿಸಿಲಿಗೆ ಹಿಡಿದ ಎಂದುಕೊಂಡು ಸುಮ್ಮನಾಗುತ್ತಿದ್ದರು. ಗುಟ್ಟು ಗೊತ್ತಿದ್ದದ್ದು ಆಡುವವರಿಗೆ ಮತ್ತು ನನ್ನಂಥ ಏಳೆಂಟು ಅಭಿಮಾನಿಗಳಿಗೆ. ಅದು ಗೊತ್ತಿದೆ ಎಂಬ ಜಂಬದಲ್ಲಿ ನಾನು ಪ್ರತಿ ಆಟಕ್ಕೂ ಅವರ ಪಕ್ಕವೇ ನಿಲ್ಲುತ್ತಿದ್ದೆ.

ಆ ವರ್ಷದ ಫೈನಲ್ ಶೃಂಗೇರಿಯಲ್ಲಿ. ಎದುರಿಗೆ ಎನ್.ಆರ್. ಪುರದ ತಂಡ. ಮಳೆ ನಿಂತು ತಿಂಗಳಾಗಿತ್ತು. ಕೊನೆಯ ಸರದಿ, ನಮಗೆ ಒಂದೇ ಅಂಕದ ಮುನ್ನಡೆ. ಅವರ ಹುಡುಗ ನಮ್ಮ ಅಂಕಣಕ್ಕೆ ಬಂದ. ಅವನು ಬರಿಗೈಯಲ್ಲಿ ವಾಪಸು ಹೋದರೂ ಕಪ್ ನಮ್ಮದೇ. ಇಬ್ರಾಹಿಮಣ್ಣನ ಕೊಡೆ ಮಡಚಿಯೇ ಇತ್ತು, ಪಕ್ಕದಲ್ಲಿ ಅಭ್ಯಾಸಕ್ಕೆ ತಂದಿದ್ದ ನನ್ನ ಕಪ್ಪು ಕೊಡೆಯೂ.

ನನ್ನ ಹಣೆಯ ಮೇಲೆ ಟಪ್ಪೆಂದು ಒಂದು ಹನಿ ಬಿತ್ತು.

ಮಲೆನಾಡಿನಲ್ಲಿ ಹುಟ್ಟಿದವನ ಕೈ ಹನಿ ಬಿದ್ದಾಗ ತಲೆಯನ್ನು ಕೇಳುವುದಿಲ್ಲ. ಕಣ್ಣು ಆಟದ ಮೇಲಿತ್ತು, ಕೈ ಕೊಡೆ ಬಿಚ್ಚಿತು. ಅಂಕಣದ ಮೂಲೆಯಲ್ಲಿದ್ದ ನಮ್ಮ ಹುಡುಗ ಮಂಜುನಾಥ ಅದನ್ನು ನೋಡಿದ, ಹಾರಿದ. ಬಂದವನ ಎದೆಯಲ್ಲಿ ಇನ್ನೂ ತುಂಬು ಉಸಿರು. ಸರಪಳಿ ಕಿತ್ತುಕೊಂಡು, ಮೂವರನ್ನು ಮುಟ್ಟಿ, ಗೆರೆ ದಾಟಿಬಿಟ್ಟ. ಎರಡು ಅಂಕದಿಂದ ಸೋತೆವು.

ಇಬ್ರಾಹಿಮಣ್ಣ ಮೊದಲು ತಮ್ಮ ಕೈಯಲ್ಲಿದ್ದ ಕೊಡೆ ನೋಡಿದರು, ಆಮೇಲೆ ನನ್ನದನ್ನು. “ಮಡಚು ಮಾರಾಯ, ಮಳೆ ಬರಲ್ಲ” ಎಂದರು ಮೆಲ್ಲಗೆ. ಬರಲೂ ಇಲ್ಲ.

ಕೊಡೆಯ ಗುಟ್ಟು ಊರಿಗೆಲ್ಲ ಬಯಲಾಗಿ, ಮಾರನೆಯ ದಿನದಿಂದ ಶೀನಣ್ಣನ ಹೋಟೆಲಿನಲ್ಲಿ ವಾದ ಶುರುವಾಯಿತು. ಶೀನಣ್ಣ ಇಬ್ರಾಹಿಮಣ್ಣನ ಪರ. “ಮೂರು ವರ್ಷ ಕಪ್ ತಂದದ್ದು ಯಾರ ಹಿಡಿತ ಮಾರಾಯ? ಒಂದು ಆಟಕ್ಕೆ ಮನುಷ್ಯನ್ನ ಅಳೀತೀರಾ?” ಎಂದು ಚಹಾದ ಲೋಟ ಕುಕ್ಕುತ್ತಿದ್ದ. ಲಾರಿ ಇಟ್ಟುಕೊಂಡಿದ್ದ ಪದ್ದಣ್ಣನದು ಬೇರೆಯೇ ಮಾತು. “ಮಂಜುನಾಥ ಕಣ್ಣಾರೆ ಕೊಡೆ ನೋಡಿದಾನೆ. ಸಾಬ್ರ ಹೆಂಡ್ತಿ ಮನೆ ಯಾವೂರು ಗೊತ್ತಲ್ಲ? ಎನ್.ಆರ್. ಪುರ!” ಈ ಮಾತು ಬಿದ್ದಾಗ ಎಲ್ಲರೂ ನನ್ನ ಕಡೆ ತಿರುಗಿದರು. “ನೀ ಪಕ್ಕದಲ್ಲೇ ಇದ್ಯಲ್ಲ, ಎಂತ ನೋಡ್ದೆ?” ಎಂದ ಪದ್ದಣ್ಣ.

“ನಾನು ಆಟ ನೋಡ್ತಿದ್ದೆ. ಕೊಡೆ ನೋಡ್ಲಿಲ್ಲ” ಎಂದೆ.

ಕಾಲೇಜಿನವರು ಕರೆದು ಕೇಳಿದಾಗ ಇಬ್ರಾಹಿಮಣ್ಣ ಹೇಳಿದ್ದು ಇಷ್ಟೇ: “ಹೌದು, ನಾನೇ ಬಿಚ್ಚಿದ್ದು. ಅಂದಾಜು ತಪ್ಪಿತು.” ನಾನು ಅದೇ ಕೋಣೆಯಲ್ಲಿ ಫೈಲು ಹಿಡಿದು ನಿಂತಿದ್ದೆ. ನನ್ನ ಕಡೆ ಅವರು ನೋಡಲೇ ಇಲ್ಲ. ನಾಳೆಯಿಂದ ಬರಬೇಕಾಗಿಲ್ಲ ಎಂಬ ಪತ್ರವನ್ನು ಟೈಪ್ ಮಾಡಿದವನೂ ನಾನೇ. ಅದರಲ್ಲಿ ಒಂದಕ್ಷರವೂ ತಪ್ಪಾಗದ ಹಾಗೆ ನೋಡಿಕೊಂಡೆ. ನನ್ನ ಹೇಡಿತನದ ಟೈಪಿಂಗ್ ಮಾತ್ರ ಚೆನ್ನಾಗಿತ್ತು.

ಅಲ್ಲಿಂದ ಮುಂದೆ ನಾನು ಕೊಡೆ ಹಿಡಿಯಲಿಲ್ಲ. ಕೊಡೆ ಇದ್ದರೆ ಕಡ್ಡಿ ಮುರಿಯುತ್ತದೆ, ಮುರಿದರೆ ಅವರ ಅಂಗಡಿಗೇ ಹೋಗಬೇಕು. ಬಾಳೆಹೊನ್ನೂರಿನ ಬಸ್ ಹತ್ತುವುದಿದ್ದರೂ ಆಚೆ ಬದಿಯಿಂದ ಸುತ್ತಿ ಹೋಗುತ್ತಿದ್ದೆ. ಹೇಳಬೇಕೆಂದು ಎಷ್ಟೋ ಸಲ ಹೊರಟೆ. ಅವರು ತಲೆ ಬಗ್ಗಿಸಿ ಯಾರದೋ ಕೊಡೆಗೆ ತೇಪೆ ಹಾಕುತ್ತಿರುವುದನ್ನು ಕಂಡ ಕೂಡಲೇ ಕಾಲು ತಿರುಗುತ್ತಿತ್ತು.

ಕಳೆದ ವಾರ ಇಬ್ರಾಹಿಮಣ್ಣ ತೀರಿಕೊಂಡರು.

ಹೆಂಡತಿ ಕೊಟ್ಟ ಕೊಡೆ ಹಿಡಿದುಕೊಂಡೇ ನಿನ್ನೆ ಶೀನಣ್ಣನ ಹೋಟೆಲಿಗೆ ಹೋದೆ. ವಾದ ಮತ್ತೆ ಹೊತ್ತಿಕೊಂಡಿತ್ತು. ಶೀನಣ್ಣನಿಗೂ ಪದ್ದಣ್ಣನಿಗೂ ಈಗ ಕೂದಲು ಬೆಳ್ಳಗಾಗಿದೆ, ಮಾತು ಮಾತ್ರ ಅವೇ. ನನ್ನಿಂದ ತಡೆಯಲಾಗಲಿಲ್ಲ. “ಆ ಕೊಡೆ ಬಿಚ್ಚಿದ್ದು ಅವರಲ್ಲ, ನಾನು” ಎಂದೆ.

ಪದ್ದಣ್ಣ ನನ್ನ ಭುಜ ತಟ್ಟಿದ. “ಸತ್ತವರ ಮೇಲೆ ಪ್ರೀತಿ ಇರ್ಲಿ ಮಾರಾಯ. ಹಂಗಂತ ಸುಳ್ಳು ಹೇಳ್ಬೇಡ. ಅವ್ರೇ ಒಪ್ಕೊಂಡಿದ್ರಲ್ಲ.”

“ಇವತ್ತು ಬಿಟ್ರೆ ನೀ ಕೊಡೆ ಹಿಡಿದದ್ದನ್ನ ನಾವ್ಯಾರಾದ್ರೂ ಕಂಡಿದೀವಾ?” ಎಂದು ಇನ್ಯಾರೋ ನಕ್ಕರು. ಶೀನಣ್ಣನಾದರೂ ನಂಬುತ್ತಾನೆಂದು ಅವನ ಮುಖ ನೋಡಿದೆ. ಅವನೂ ನಗುತ್ತಿದ್ದ. ತೋರಿಸಿಯೇ ಬಿಡುತ್ತೇನೆಂದು ಎದ್ದು ನಿಂತೆ. ಇಲ್ಲಿ ಅವರಿದ್ದರು, ಇಲ್ಲಿ ನಾನು, ಹನಿ ಬಿತ್ತು, ಹೀಗೆ… ಎಂದು ಗುಂಡಿ ಒತ್ತಿದೆ. ಮೇಜುಗಳ ನಡುವೆ ಕೊಡೆ ಬಿಚ್ಚಿಕೊಂಡಿತು.

“ಮಡಚು ಮಾರಾಯ,” ಎಂದ ಶೀನಣ್ಣ, “ಒಳಗೆಲ್ಲಿ ಮಳೆ?”

ಮಡಚಿದೆ. ಇನ್ನು ಯಾರ ಹತ್ತಿರ ಹೇಳಲಿ, ನೀವೇ ಹೇಳಿ.