ವೇದವತಿ ಎತ್ತಿ ಕುಡಿದ ಬಟ್ಟಲು

ಲಂಡನ್ನಿನ ಕ್ವೀನ್ಸ್‌ಬರಿಯ ನಮ್ಮ ಬೀದಿಯಲ್ಲಿ ವೇದವತಿಯ ಮನೆಗೆ ಹೋಗಿ ನೀರು ಕೇಳುವುದು ಧೈರ್ಯದ ಕೆಲಸ. ಕೊಡುತ್ತಾಳೆ, ಪ್ರೀತಿಯಿಂದಲೇ ಕೊಡುತ್ತಾಳೆ. ಆದರೆ ಲೋಟವನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯಬೇಕು. ಬಾಯ್ಲರ್ ನೋಡಲು ಬರುವ ಪ್ಲಂಬರನೂ ಅಂಗಿ ಒದ್ದೆ ಮಾಡಿಕೊಂಡು ಕಲಿತಿದ್ದಾನೆ. ಧಾರವಾಡದ ಅಜ್ಜಿ ಕಲಿಸಿದ ಈ ಎಂಜಲಿನ ಶಿಸ್ತಿಗೆ ಲಂಡನ್ನಿನ ಆಸ್ಪತ್ರೆ ಇನ್ನಷ್ಟು ಬಲ ಕೊಟ್ಟಿತು. ಸೋಂಕು ತಡೆಯುವ ವಿಭಾಗದ ನರ್ಸ್ ಆಗಿದ್ದಷ್ಟು ಕಾಲ ಇವಳು ದೊಡ್ಡ ದೊಡ್ಡ ಸರ್ಜನ್ನರನ್ನು ಸಿಂಕಿನ ಮುಂದೆ ನಿಲ್ಲಿಸಿ ಕೈ ತೊಳೆಸಿದವಳು. ತಾನು ತಪ್ಪಿರಬಹುದು ಎಂಬ ಅನುಮಾನ ನನ್ನ ಗೆಳತಿಗೆ ಬಂದದ್ದನ್ನು ನಾನಂತೂ ನೋಡಿಲ್ಲ.

ಒಂದು ವಿಷಯದಲ್ಲಿ ಮಾತ್ರ ಅವಳ ಬಾಯಿ ಕಟ್ಟಿಹೋಗುತ್ತಿತ್ತು. ಮಗಳು ಸಿರಿಶಾ ಕ್ಯಾನರಿ ವಾರ್ಫ್‌ನ ಬ್ಯಾಂಕ್ ಕೆಲಸ ಬಿಟ್ಟು ಹಳೆಯ ಬೆಳ್ಳಿ ಪಾತ್ರೆಗಳ ರಿಪೇರಿಗೆ ಇಳಿದು ವರ್ಷಗಳೇ ಆದವು. ಪಕ್ಕದ ಕಿಂಗ್ಸ್‌ಬರಿಯಲ್ಲಿ ಕನ್ನಡದವರು ಸೇರಿದಾಗ ಯಾರಾದರೂ ಮಗಳನ್ನು ವಿಚಾರಿಸಿದರೆ, "ಬ್ಯಾಂಕಿನಾಗ ಅದಾಳ," ಎಂದು ಇವಳು ಪಲ್ಯ ಬಡಿಸಲು ಎದ್ದುಬಿಡುತ್ತಿದ್ದಳು. ಸಿರಿಶಾ ಅದನ್ನು ಕೇಳಿಸಿಕೊಂಡು ತಲೆ ತಗ್ಗಿಸುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಹೋದ ವರ್ಷ ಲಂಡನ್ ಸಿಟಿಯ ಕಸುಬುದಾರರ ಹಳೆಯ ಸಂಘವೊಂದು ತನ್ನ ಬಟ್ಟಲನ್ನು ರಿಪೇರಿಗೆಂದು ಸಿರಿಶಾಳ ಕೈಗೆ ಕೊಟ್ಟಿತು. ಬೆಳ್ಳಿಯ ಮೇಲೆ ಚಿನ್ನದ ಲೇಪ, ಎರಡು ಹಿಡಿಕೆ. ಧರ್ಮದ ಕಾರಣಕ್ಕೆ ಫ್ರಾನ್ಸ್ ಬಿಟ್ಟು ಓಡಿಬಂದ ಹ್ಯೂಗೆನೊ ಜನರಲ್ಲೊಬ್ಬ ಮುನ್ನೂರು ವರ್ಷದ ಹಿಂದೆ ಲಂಡನ್ನಿನಲ್ಲಿ ಕೂತು ಮಾಡಿದ್ದು. ಒಂದು ಹಿಡಿಕೆ ಕಿತ್ತುಬಂದಿತ್ತು, ಸಿರಿಶಾ ಬೆಸೆದಳು. ಆ ಬಟ್ಟಲು ಮತ್ತೆ ಔತಣದಲ್ಲಿ ಸುತ್ತುವ ದಿನಕ್ಕೆ ಅಮ್ಮನನ್ನೂ ನನ್ನನ್ನೂ ಕರೆದಳು.

ಅಲ್ಲಿಯ ಪದ್ಧತಿ ಹೀಗೆ: ಒಂದೇ ಬಟ್ಟಲಿನ ವೈನನ್ನು ಒಬ್ಬರು ಕುಡಿದು, ಅಂಚನ್ನು ಬಟ್ಟೆಯಿಂದ ಒರೆಸಿ, ಪಕ್ಕದವರಿಗೆ ದಾಟಿಸಬೇಕು. ವೈನಿಗೆ ವೇದವತಿಯ ತಕರಾರಿಲ್ಲ, ಕ್ರಿಸ್‌ಮಸ್ಸಿಗೆ ಕೇಳಿ ಹಾಕಿಸಿಕೊಳ್ಳುತ್ತಾಳೆ.

"ಮಂದಿ ಎಂಜಲಾ ನಾ ಕುಡಿಯಂಗಿಲ್ಲ ನೋಡವಾ. ಅದು ಬರೋ ಮುಂದ ಎದ್ದು ಹೊರಗ ಹೋಗ್ತೀನಿ," ಎಂದಳು.

"ಅಮ್ಮಾ, ಪ್ಲೀಸ್. ಇಟ್ಸ್ ಮೈ ವರ್ಕ್," ಎಂದಳು ಸಿರಿಶಾ. ಹುಡುಗಿಯ ಕಣ್ಣು ತುಂಬಿತ್ತು. ವೇದವತಿ ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತಾ ಕಾರು ಹತ್ತಿದಳು.

ಊಟ ಮುಗಿಯಿತು, ಬಟ್ಟಲು ಹೊರಟಿತು. ಸಂಘದ ಅಧ್ಯಕ್ಷ ಅದರ ಹಿಡಿಕೆ ಹಿಡಿಯಲಿಲ್ಲ. ಎಳೆಗೂಸಿನ ಹಾಗೆ ತಳಕ್ಕೆ ಕೈಕೊಟ್ಟು ಎತ್ತಿಕೊಂಡ. ಅವನನ್ನು ನೋಡಿ ಮುಂದಿನವನೂ ಹಾಗೇ ಮಾಡಿದ, ಅವನ ಪಕ್ಕದ ಹೆಂಗಸೂ ಹಾಗೇ ಮಾಡಿದಳು. ಬೆಸುಗೆಯ ಮೇಲೆ ಒಬ್ಬರಿಗೂ ನಂಬಿಕೆಯಿಲ್ಲ. ಎದುರಿಗೆ ಕೂತ ಸಿರಿಶಾಳ ಮುಖ ಸಣ್ಣಗಾಗುತ್ತಾ ಹೋಯಿತು. ನನ್ನ ಸರದಿ ಬಂದಾಗ, ಹಾಳಾದ ಭಯ, ನಾನೂ ತಳಕ್ಕೇ ಕೈಕೊಟ್ಟು ಕುಡಿದು, ಅಂಚು ಒರೆಸಿ ಪಕ್ಕಕ್ಕೆ ಚಾಚಿದೆ.

ಪಕ್ಕದಲ್ಲಿ ವೇದವತಿ ಎದ್ದು ನಿಂತಳು. ಹೋದಳು ಎಂದುಕೊಂಡೆ. ಅವಳು ಮೊದಲು ಮಗಳ ಮುಖ ನೋಡಿದಳು, ಆಮೇಲೆ ನನ್ನ ಕೈ ನೋಡಿದಳು.

ಎರಡೂ ಹಿಡಿಕೆಗೆ ಕೈ ಹಾಕಿ, "ಕೈ ತಗೀ, ರಜನಿ," ಎಂದಳು.

ತೆಗೆದೆ. ಅವಳು ಹಿಡಿಕೆಗಳನ್ನು ಬಿಗಿಯಾಗಿ ಹಿಡಿದು, ಅಷ್ಟು ಭಾರದ ಬಟ್ಟಲನ್ನು ನೇರ ತಲೆಯ ಮೇಲಕ್ಕೆ ಎತ್ತಿದಳು. ಮುಖ ಮೇಲೆ ಮಾಡಿ ಬಟ್ಟಲನ್ನು ಬಗ್ಗಿಸಿದಳು. ಸಣ್ಣ ಧಾರೆಯಾಗಿ ವೈನ್ ಇಳಿಯಿತು, ತುಟಿಗೆ ಬೆಳ್ಳಿ ತಾಗಲಿಲ್ಲ, ಇಳಕಲ್ ಸೀರೆಯ ಮೇಲೆ ಒಂದು ಹನಿಯೂ ಬೀಳಲಿಲ್ಲ. ಹಿಡಿಕೆ ಅಲುಗಲಿಲ್ಲ. ನನಗೆ ಅಳು ಬಂತು, ನಾಚಿಕೆಯಿಲ್ಲದೆ ಅತ್ತೆ.

ಬಟ್ಟಲು ಇಳಿಸಿ, ತುಟಿ ತಾಗದ ಅಂಚನ್ನೂ ಶಾಸ್ತ್ರಕ್ಕೆ ಒರೆಸಿ, ಪಕ್ಕದ ಮುದುಕನಿಗೆ ಕೊಟ್ಟಳು. ಅವನ ಕೈ ತಳದ ಕಡೆ ಹೋಯಿತು.

"ಹಿಡಿಕೆ ಹಿಡಿದುಕೊಳ್ಳಿ," ಎಂದಳು, ಸರ್ಜನ್ನರಿಗೆ ಹೇಳುತ್ತಿದ್ದ ಅದೇ ಇಂಗ್ಲಿಷಿನಲ್ಲಿ, ಇಡೀ ಸಭಾಂಗಣಕ್ಕೆ ಕೇಳುವಂತೆ. "ಅದನ್ನು ಬೆಸೆದವಳು ನನ್ನ ಮಗಳು."

ಅವನು ಹಿಡಿಕೆ ಹಿಡಿದ. ಆಮೇಲಿನವರೆಲ್ಲ ಹಿಡಿಕೆಯನ್ನೇ ಹಿಡಿದರು.