ಬೋಟು ತಿರುಗಿಸಿದ ಅಕ್ಕಾರು

ಬಸಲಿಂಗವ್ವ ಅಕ್ಕಾರು ಯಾವ ಕಂಪನಿಯ ಬೀಜವನ್ನೂ ಬರೀ ಚೀಲ ನೋಡಿ ನಂಬಿದವರಲ್ಲ. ಕುಕನೂರಿನ ತಮ್ಮ ಅಂಗಡಿಗೆ ಹೊಸ ಮಾಲು ಬಂದ ದಿನವೇ ಒಂದು ಚೀಲದ ಹೊಲಿಗೆ ಬಿಚ್ಚಿ, ನೂರು ಕಾಳು ಎಣಿಸಿ ತೆಗೆದು, ಗಂಡನ ಹಳೆಯ ಧೋತರದ ತುಂಡಿನಲ್ಲಿ ಸುತ್ತಿ, ನೀರು ಚಿಮುಕಿಸಿ ಕಿಟಕಿಯಲ್ಲಿ ಇಡುತ್ತಿದ್ದರು. ನಾಲ್ಕೈದು ದಿನ ಬಟ್ಟೆ ಒಣಗದಂತೆ ನೋಡಿಕೊಂಡು, ಆಮೇಲೆ ಬಿಚ್ಚಿ ಮೊಳಕೆ ಎಣಿಸುವರು. ಅಲ್ಲಿಯವರೆಗೆ ರೈತರು ಬಾಗಿಲಲ್ಲಿ ನಿಂತು ಎಷ್ಟು ಅವಸರ ಮಾಡಿದರೂ ಒಂದು ಪಾಕೀಟು ಹೊರಗೆ ಹೋಗುತ್ತಿರಲಿಲ್ಲ.

“ಚೀಲದ ಮ್ಯಾಲ ಬರದದ್ದು ಕಂಪನಿ ಮಾತು, ತಮ್ಮಾ. ಬೀಜ ಏನ್ ಹೇಳತೈತಿ ಅದನ್ನೂ ಕೇಳೂಣು, ತಡಿ,” ಎನ್ನುತ್ತಿದ್ದರು.

ಅಂಥ ಒಂದು ಕಂಪನಿಯ ಮನುಷ್ಯ ನಾನು. ಕೊಪ್ಪಳದಲ್ಲಿ ರೂಮು ಮಾಡಿಕೊಂಡು, ಮೋಟಾರ್‌ಸೈಕಲ್ ಮೇಲೆ ಯಲಬುರ್ಗಾ, ಕುಷ್ಟಗಿ, ಗಂಗಾವತಿ ಸುತ್ತುತ್ತ ಅಂಗಡಿಗಳಿಗೆ ಬೀಜ ಕೊಡಿಸುವುದು ನನ್ನ ಕೆಲಸವಾಗಿತ್ತು. ಒಂದು ಮುಂಗಾರಿನಲ್ಲಿ, ಬಿತ್ತನೆಯ ವಾರದಲ್ಲೇ, ಅಕ್ಕಾರು ಸೂರ್ಯಕಾಂತಿಯ ಇಡೀ ಲೋಡನ್ನು ಕಂಪನಿಯ ಲಾರಿಗೆ ವಾಪಸ್ ಹೇರಿಸಿದರು. ಬಟ್ಟೆಯೊಳಗೆ ಅರ್ಧದಷ್ಟು ಕಾಳು ಸುಮ್ಮನೆ ಮಲಗಿದ್ದವು. ನಾನು ಸಿಟ್ಟಿನಿಂದ, “ಎಲ್ಲಾ ಅಂಗಡ್ಯಾರು ಇಟ್ಕೊಂಡಾರ, ನಿಮ್ಮದ ಒಂದು ತಕರಾರು,” ಎಂದೆ. ಅವರು ಕೊನೆಯ ಚೀಲವನ್ನೂ ಹೇರಿಸಿ ಒಳಗೆ ಹೋದರು. ಮೂರು ವಾರದ ಮೇಲೆ ಬೇರೆ ಊರುಗಳಿಂದ ರೈತರು ಖಾಲಿ ಸಾಲು ತೋರಿಸಲು ನಮ್ಮ ಆಫೀಸಿಗೆ ಬರತೊಡಗಿದರು. ಸಾಹೇಬರಿಂದ ಬೈಸಿಕೊಂಡ ಮುಖ ಹೊತ್ತು ನಾನು ಕುಕನೂರಿಗೆ ಹೋದಾಗ ಅಕ್ಕಾರು ಒಂದೇ ಮಾತು ಕೇಳಿದರು: “ಊಟ ಆಗೈತಿಲ್ಲೋ?” ‘ನಾ ಮೊದಲ ಹೇಳಿರಲಿಲ್ಲೇನು’ ಎಂಬ ಮಾತು ಅವತ್ತೂ ಬರಲಿಲ್ಲ, ಮುಂದೆಂದೂ ಬರಲಿಲ್ಲ. ಅಂದಿನಿಂದ ನನಗೆ ಅವರ ಬಗ್ಗೆ ಭಯ ಹೋಗಿ ಭಕ್ತಿ ಬಂತು.

ಎತ್ತರದ ಹೆಂಗಸು. ಇಳಕಲ್ ಸೀರೆ, ದಾರ ಕಟ್ಟಿ ಕೊರಳಿಗೆ ಇಳಿಬಿಟ್ಟ ಚಸ್ಮಾ, ಮೂರು ಅಂಗಡಿ ಆಚೆ ಕೇಳುವ ದನಿ. ತಂದೆ ಸುಣ್ಣ ಸುಡುವವರು. ಹಳ್ಳದ ದಂಡೆಯಲ್ಲಿ, ಹೊಲದ ಬದುಗಳಲ್ಲಿ ಸುಣ್ಣದ ಹರಳು ಆರಿಸಿ ಬುಟ್ಟಿಯಲ್ಲಿ ಹೊತ್ತು ಭಟ್ಟಿಗೆ ತರುವುದು ಮಕ್ಕಳ ಕೆಲಸ. ಅಕ್ಕಾರು ಏಳನೆಯ ಇಯತ್ತೆ ಓದಿದ್ದು ಆ ಬುಟ್ಟಿಯ ನಡುವೆಯೇ. ಮದುವೆಯಾದದ್ದು ಈರಪ್ಪನವರನ್ನು. ಈರಪ್ಪನವರು ಮುನಿರಾಬಾದಿನ ನೀರಾವರಿ ಕಚೇರಿಯಲ್ಲಿ ಗುಮಾಸ್ತರು, ವಾರಕ್ಕೊಮ್ಮೆ ಊರಿಗೆ ಬರುವರು. ಸರ್ಕಾರಿ ನೌಕರರ ಹೆಸರಿಗೆ ಅಂಗಡಿ ಬರುವುದಿಲ್ಲವೆಂದು, ಕೊಪ್ಪಳ ಹೊಸದಾಗಿ ಜಿಲ್ಲೆಯಾದ ಕಾಲದಲ್ಲಿ ಹೆಂಡತಿಯ ಹೆಸರಿಗೆ ಲೈಸೆನ್ಸ್ ತೆಗೆಸಿದ್ದರು. ಹೆಸರಿಗಷ್ಟೇ ಎಂದುಕೊಂಡಿದ್ದರೇನೋ. ಎರಡು ವರ್ಷದೊಳಗೆ ಅಂಗಡಿಯಲ್ಲಿ ಅವರು ಎಲ್ಲಿ ಕೂಡಬೇಕೆಂಬುದನ್ನೂ ಅಕ್ಕಾರೇ ಹೇಳುವಂತಾಯಿತು.

ಒಂದು ವರ್ಷ ಅಕ್ಕಾರ ಅಂಗಡಿ ಒಳ್ಳೆ ವ್ಯಾಪಾರ ಮಾಡಿತು. ಹಾಗೆ ಮಾಡಿದ ಅಂಗಡಿಕಾರರನ್ನು ಕಂಪನಿ ಥಾಯ್ಲೆಂಡಿಗೆ ಕರೆದೊಯ್ಯುವ ರೂಢಿ. ನಾನು ಫಾರಂ ಹಿಡಿದುಕೊಂಡು ಹೋಗಿ, “ಅಕ್ಕಾರ, ಯಜಮಾನ್ರ ಪಾಸ್‌ಪೋರ್ಟ್ ಮಾಡಸ್ರಿ,” ಎಂದೆ.

“ಅವರದು ಯಾಕ?”

“ಟೂರಿಗೆ ಹೋಗಾಕ.”

“ಲೈಸೆನ್ಸ್ ಯಾರ ಹೆಸರಿಗೈತಿ?”

“ನಿಮ್ಮ ಹೆಸರಿಗೆ. ಆದ್ರ…”

“ಮಾಲು ಯಾರು ಮಾರ್ಯಾರ?”

“ನೀವ.”

“ಮತ್ತ ಇವರ್ಯಾಕ ಹೋಗಬೇಕು?”

ಮೂಲೆಯಲ್ಲಿ ಶೇಂಗಾ ಸುಲಿಯುತ್ತ ಕುಳಿತಿದ್ದ ಈರಪ್ಪನವರು ತಲೆ ಎತ್ತಿ, “ಆಕಿನ ಹೋಗಲಿ ಬಿಡ್ರಿ. ವಿಮಾನ ಅಂದ್ರ ನನ್ನ ಎದಿ ಹಾರತೈತಿ. ನಾ ರಜಾ ಹಾಕಿ ಅಂಗಡಿ ನೋಡ್ಕೋತೀನಿ,” ಎಂದರು. ಅವರ ದನಿಯಲ್ಲಿ ದೊಡ್ಡ ಗಂಡಾಂತರದಿಂದ ಪಾರಾದವರ ನೆಮ್ಮದಿ ಇತ್ತು.

ಟೂರಿನಲ್ಲಿ ಜನರನ್ನು ನೋಡಿಕೊಳ್ಳಲು ಕಂಪನಿ ನನ್ನನ್ನೂ ಕಳಿಸಿತ್ತು. ಇಪ್ಪತ್ತೆಂಟು ಗಂಡಸರ ನಡುವೆ ಅಕ್ಕಾರೊಬ್ಬರೇ ಹೆಂಗಸು. ಮೊದಲ ದಿನ ಯಾರಿಗೂ ಹೇಗೆ ಮಾತಾಡಬೇಕೆಂದು ತಿಳಿಯಲಿಲ್ಲ. ಎರಡನೆಯ ದಿನ ಹೋಟೆಲಿನ ಊಟದ ವಾಸನೆಗೆ ಎಲ್ಲರೂ ಮುಖ ತಿರುಗಿಸಿ ಕುಳಿತಾಗ ಅಕ್ಕಾರು ಚೀಲ ಬಿಚ್ಚಿ ದಿನಗಟ್ಟಲೆ ಕೆಡದ ಕಟಕ ರೊಟ್ಟಿ, ಶೇಂಗಾ ಚಟ್ನಿ ತೆಗೆದರು. ಮೂರನೆಯ ದಿನ ಬೆಳಿಗ್ಗೆ ದೊಡ್ಡ ದೊಡ್ಡ ವ್ಯಾಪಾರಸ್ಥರು ಕೈಯಲ್ಲಿ ಪ್ಲೇಟು ಹಿಡಿದು ಅವರ ರೂಮಿನ ಮುಂದೆ ಸಾಲು ನಿಂತಿದ್ದರು.

ಆ ಮೂರನೆಯ ದಿನವೇ ಸಮುದ್ರದ ಪ್ರವಾಸ. ಬೆಳಿಗ್ಗೆ ಹೊರಟು ದ್ವೀಪಗಳನ್ನು ಸುತ್ತಿ ಸಂಜೆಗೆ ಮರಳುವುದು. ಎರಡು ಬೋಟು, ಒಂದೊಂದಕ್ಕೆ ಒಬ್ಬ ಗೈಡು. ನಮ್ಮ ಬೋಟಿನ ಗೈಡಿನ ಹೆಸರು ಸೋಮ್. ತೆಳ್ಳಗಿನ, ನಗುಮುಖದ ಮನುಷ್ಯ. ಹೆಸರು ಕೇಳಿದ್ದೇ ತಡ, ಅಕ್ಕಾರು ಅವನನ್ನು ಸೋಮಣ್ಣ ಮಾಡಿಬಿಟ್ಟರು. ಅವನಿಗೆ ಕನ್ನಡ ಬಾರದು, ಅವರಿಗೆ ಇಂಗ್ಲಿಷ್ ಬಾರದು. ಇಬ್ಬರೂ ದಿನವಿಡೀ ಮಾತಾಡಿದರು. ನಮ್ಮವರು ಲೈಫ್ ಜಾಕೆಟ್ ಬೇಡವೆಂದು ಗತ್ತು ಮಾಡುತ್ತಿದ್ದಾಗ ಅಕ್ಕಾರು ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಜಾಕೆಟ್ಟಿನೊಳಗೆ ತೋಳು ತೂರಿಸಿ, “ಸೋಮಣ್ಣ, ಬಿಗಿ ಎಳಿ,” ಎಂದು ಬೆನ್ನು ತಿರುಗಿಸಿ ನಿಂತರು. ಅದನ್ನು ನೋಡಿ ಉಳಿದವರೂ ತೊಟ್ಟರು.

ಅರ್ಧ ತಾಸು ಹೋಗುವಷ್ಟರಲ್ಲಿ ದ್ವೀಪಗಳು ಶುರುವಾದವು. ಸಮುದ್ರದೊಳಗಿಂದ ನೆಟ್ಟಗೆ ಎದ್ದ ಬೂದು-ಬಿಳಿ ಗುಡ್ಡಗಳು, ನೆತ್ತಿಯ ಮೇಲೆ ಹಸಿರು ಕಾಡು, ಬುಡವನ್ನು ನೀರು ತಿಂದು ತಿಂದು ಒಳಗೆ ಕೊರೆದಿತ್ತು. ಎಲ್ಲರೂ ಫೋಟೋ ತೆಗೆಯುತ್ತಿದ್ದರು. ಒಂದು ಗುಡ್ಡದ ಪಕ್ಕ ಬೋಟು ನಿಧಾನ ಮಾಡಿದಾಗ ಅಕ್ಕಾರು ಕೈ ಚಾಚಿ ಕಲ್ಲು ಮುಟ್ಟಿದರು. ಉಗುರಿನಿಂದ ಕೆರೆದು, ಬೆರಳು ನೋಡಿಕೊಂಡು, “ಸುಣ್ಣದ ಕಲ್ಲು!” ಎಂದು ಕೂಗಿದರು. “ತಮ್ಮಾ, ನಾವು ಒಂದೊಂದು ಹರಳು ಆರಿಸಿ ಬುಟ್ಟಿ ತುಂಬಸ್ಬೇಕಂದ್ರ ಹೊತ್ತು ಮುಳುಗತಿತ್ತು. ಇಲ್ಲಿ ನೋಡು, ಗುಡ್ಡಾನ ನಿಂತೈತಿ. ನಮ್ಮಪ್ಪ ನೋಡಬೇಕಾಗಿತ್ತು.” ಸೋಮ್ ನನ್ನ ಕಡೆ ನೋಡಿದ. ನಾನು ಅವನಿಗೆ, ಅವರ ತಂದೆ ಸುಣ್ಣ ಸುಡುತ್ತಿದ್ದರೆಂದು ತಿಳಿಸಿದೆ. ಅವನು ಎರಡೂ ಕೈ ಜೋಡಿಸಿ ಅಕ್ಕಾರಿಗೆ ನಮಸ್ಕಾರ ಮಾಡಿದ.

ಮಧ್ಯಾಹ್ನ ಎರಡೂ ಬೋಟಿನವರು ಜಾಕೆಟ್ ಬಿಚ್ಚಿಟ್ಟು ಒಂದು ದ್ವೀಪದಲ್ಲಿ ಇಳಿದೆವು. ಸಣ್ಣ ಮರಳ ದಂಡೆ, ಅದರ ತುದಿಗೆ ಗುಡ್ಡದೊಳಗೆ ಹೋಗುವ ಗವಿ. ನೀರು ಇಳಿದಾಗ ಆ ಗವಿಯೊಳಗೆ ನಡೆದುಹೋದರೆ ಆಚೆ, ಗುಡ್ಡದ ಹೊಟ್ಟೆಯಲ್ಲಿ, ಮೇಲೆ ಆಕಾಶ ಕಾಣುವ ಒಂದು ಕೊಳ. ಸೋಮ್ ಸ್ಪಷ್ಟವಾಗಿ ಹೇಳಿದ್ದ: ಬೇಗ ನೋಡಿ ಬನ್ನಿ, ನೀರು ಏರತೊಡಗಿದರೆ ಗವಿಯ ಬಾಯಿ ಮುಚ್ಚುತ್ತದೆ. ನಾನು ಅದನ್ನು ಎಲ್ಲರಿಗೂ ಕನ್ನಡದಲ್ಲಿ ಹೇಳಿದೆ. ಎಲ್ಲರೂ ಹೋಗಿ, ಕೊಳ ನೋಡಿ, ಕೂಗಿ ಪ್ರತಿಧ್ವನಿ ಕೇಳಿ ಹೊರಬಂದರು. ನಾನು ದಂಡೆಯ ಮೇಲೆ ಕಂಪನಿಯ ಬ್ಯಾನರ್ ಬಿಚ್ಚಿ, ಎಲ್ಲರನ್ನೂ ಅದರ ಹಿಂದೆ ನಿಲ್ಲಿಸಿ, ಸಾಹೇಬರಿಗೆ ಕಳಿಸಲು ಫೋಟೋ ತೆಗೆದೆ. ಆಮೇಲೆ ಜನ ಅಲ್ಲೇ ಅತ್ತಿತ್ತ ಚದುರಿದರು. ಬ್ಯಾನರ್ ಮಡಚುತ್ತಿದ್ದಾಗ ಸೋಮ್ ಬೋಟಿನಿಂದ, ಎಲ್ಲರೂ ಬಂದರೇ ಎಂದು ಕೇಳಿದ. ನಾನು ಹೆಬ್ಬೆರಳು ಎತ್ತಿ ತೋರಿಸಿದೆ.

ದ್ವೀಪ ಹಿಂದೆ ಬಿದ್ದು ಹತ್ತು ನಿಮಿಷವಾಗಿರಬೇಕು. ಅಕ್ಕಾರು ನನ್ನ ಹತ್ತಿರ ಸರಿದು ಬಂದರು.

“ತಮ್ಮಾ, ಕುಷ್ಟಗಿ ಗೌಡ್ರು ಎಲ್ಲಿ?”

ಹನುಮಗೌಡರು ಕುಷ್ಟಗಿಯಲ್ಲಿ ಗೊಬ್ಬರದ ಅಂಗಡಿ ಇಟ್ಟವರು. ಅರವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ನಾನು ಸುತ್ತ ನೋಡಿದೆ. ಇರಲಿಲ್ಲ. ಆದರೆ ಮುಂದೆ ಇನ್ನೊಂದು ಬೋಟು ಹೋಗುತ್ತಿತ್ತಲ್ಲ.

“ಆ ಬೋಟಿನಾಗ ಇರತಾರ್ರಿ ಅಕ್ಕಾರ,” ಎಂದರು ಯಾರೋ.

“ನೀ ನೋಡೀಯೇನು?”

“ನೋಡಿಲ್ಲ. ಮತ್ತೆಲ್ಲಿ ಹೋಗತಾರ? ಕೂಡ್ರಿ ಸುಮ್ನ.”

ಅಕ್ಕಾರು ಕೂಡಲಿಲ್ಲ. “ಚಸ್ಮಾ ಒಳಗ ಮರತು ಬಂದೀನಿ ಅಂತ ಗೌಡ್ರು ತಿರುಗಿ ಗವಿಯೊಳಗ ಹೋದ್ರು. ನಾ ಅಲ್ಲೇ ಕಲ್ಲು ನೋಡಕೋತ ನಿಂತಿದ್ದೆ. ನೀ ಎಣಿಸೀ ಏನು?”

ಎಲ್ಲರೂ ನನ್ನ ಕಡೆ ನೋಡಿದರು. ಸೋಮ್ ಕೂಡ ನೋಡಿದ. ನನ್ನ ಬಾಯಿಂದ ತಾನಾಗಿಯೇ ಬಂತು: “ಎಣಿಸೀನ್ರಿ. ಲೆಕ್ಕ ಸರಿ ಐತಿ.”

ಅಕ್ಕಾರು ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ಸೋಮ್ ಕಡೆ ತಿರುಗಿ, ಕೈಯನ್ನು ಗಾಳಿಯಲ್ಲಿ ದೊಡ್ಡದಾಗಿ ಸುತ್ತಿಸಿ, “ಸೋಮಣ್ಣ, ಬೋಟ್ ತಿರುಗಸು!” ಎಂದು ಕೂಗಿದರು. ಅವನಿಗೆ ಅರ್ಥವಾಯಿತು, ಬೋಟು ನಡೆಸುವವನಿಗೆ ಕೂಗಿ ಹೇಳಿದ. ಹಲವರು ಗೊಣಗಿದರು, ಊಟ ತಡವಾಗುತ್ತದೆ ಎಂದರು. ಬೋಟು ತಿರುಗಿತು.

ನಾವು ನಡೆದಾಡಿದ್ದ ಮರಳ ದಂಡೆ ಒಂದು ಪಟ್ಟಿಯಷ್ಟು ಮಾತ್ರ ಉಳಿದಿತ್ತು. ಗವಿಯ ಬಾಯಿಗೆ ನೀರು ಎದೆಮಟ್ಟ ಬಂದು, ಅಲೆ ಬಂದಾಗಲೆಲ್ಲ ಮೇಲಿನ ಕಲ್ಲಿಗೆ ಬಡಿಯುತ್ತಿತ್ತು. ಕುಷ್ಟಗಿಯಲ್ಲಿ ಗೌಡರ ಮನೆಯ ಬಾಗಿಲಲ್ಲಿ ನಿಂತು ನಾನು ಏನು ಹೇಳಲಿ ಎಂಬುದೊಂದೇ ತಲೆಯಲ್ಲಿ.

ಅಕ್ಕಾರು ಎರಡೂ ಕೈಗಳನ್ನು ಬಾಯಿಗೆ ಹಿಡಿದು ಕೂಗಿದರು: “ಗೌಡ್ರೇ! ಏ ಗೌಡ್ರೇ!”

ಕೂಗು ಗುಡ್ಡಕ್ಕೆ ಬಡಿದು ಮರಳಿತು. ಮತ್ತೆ ಕೂಗಿದರು. ಮೂರನೆಯ ಸಲ ಗವಿಯೊಳಗಿಂದ, ಬಾವಿಯ ತಳದಿಂದ ಬಂದಂತೆ, ಒಂದು ದನಿ ಕೇಳಿತು: “ಅದೀನ್ರೀ… ಇಲ್ಲೇ ಅದೀನ್ರೀ!”

ಸೋಮ್ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಒಂದು ಲೈಫ್ ಜಾಕೆಟ್ ಹಿಡಿದು ನೀರಿಗೆ ಹಾರಿದ. ಹಗ್ಗದ ಇನ್ನೊಂದು ತುದಿಯನ್ನು ಏಳೆಂಟು ಜನ ಹಿಡಿದರು. ಸ್ವಲ್ಪ ಹೊತ್ತಿಗೆ ಗೌಡರು ಜಾಕೆಟ್ ತೊಟ್ಟು, ಆಕಾಶ ನೋಡುತ್ತ ಅಂಗಾತ ತೇಲುತ್ತ ಹೊರಬಂದರು. ಕಾಲು ಜಾರೀತೆಂದು ಮೆಲ್ಲಗೆ ನಡೆದು, ಚಸ್ಮಾ ಹುಡುಕುವಷ್ಟರಲ್ಲಿ ನೀರು ಏರಿತ್ತಂತೆ. ಎತ್ತರದ ಒಂದು ಕಲ್ಲು ಹತ್ತಿ, ಮೊಣಕಾಲುಮಟ್ಟ ನೀರಿನಲ್ಲಿ ಕುಳಿತಿದ್ದರಂತೆ. ಚಸ್ಮಾ ಮೂಗಿನ ಮೇಲೆಯೇ ಇತ್ತು. ಬೋಟಿಗೆ ಎಳೆದುಕೊಂಡ ಮೇಲೆ ಅವರು ಆಡಿದ ಮೊದಲ ಮಾತು: “ಮನ್ಯಾಗ ಯಾರಿಗೂ ಹೇಳಬ್ಯಾಡ್ರಪ್ಪಾ. ಇನ್ನ ಹೊಲಕ್ಕೂ ಒಬ್ಬನ್ನ ಬಿಡಂಗಿಲ್ಲ.”

ಇಡೀ ಬೋಟು ನಕ್ಕಿತು. ನಗುತ್ತ ನಗುತ್ತ ಕೆಲವರ ಕಣ್ಣು ಒದ್ದೆಯಾದವು. ಅಕ್ಕಾರು ತಮ್ಮ ಒಣ ಟಾವೆಲ್ಲಿನಿಂದ ಗೌಡರ ತಲೆ ಒರೆಸಿ, ರೊಟ್ಟಿಗೆ ಚಟ್ನಿ ಹಚ್ಚಿ ಕೈಗೆ ಕೊಟ್ಟರು. ನನಗೆ ಒಂದು ಮಾತೂ ಅನ್ನಲಿಲ್ಲ. ಎಣಿಸುವಾಗ ತಪ್ಪಾಯಿತೆಂದು ನಾನು ಎಲ್ಲರ ಕ್ಷಮೆ ಕೇಳಿದೆ. ಆಗಲಿ ಬಿಡು, ಎಲ್ಲರಿಗೂ ಆಗುತ್ತದೆ ಎಂದರು ಉಳಿದವರು.

ಆದರೆ ನಾನು ತಪ್ಪು ಎಣಿಸಿರಲಿಲ್ಲ. ಎಣಿಸಿಯೇ ಇರಲಿಲ್ಲ. ಅದನ್ನು ಯಾರಿಗೂ ಹೇಳಲಾಗದೆ ವರ್ಷಗಟ್ಟಲೆ ಒಳಗೇ ಇಟ್ಟುಕೊಂಡೆ. ಆ ಕೆಲಸ ಬಿಟ್ಟು ರಾಯಚೂರಿಗೆ ಹೋದೆ. ಅಕ್ಕಾರ ಕಡೆ ಹೋಗುವುದು ಕಡಿಮೆಯಾಯಿತು. ದೂರ ಹೆಚ್ಚೆಂದು ಹೇಳಿಕೊಳ್ಳುತ್ತಿದ್ದೆ.

ಒಂದು ದಿನ ಹನುಮಗೌಡರ ಫೋನು ಬಂತು. ಅಕ್ಕಾರನ್ನು ಕೊಪ್ಪಳದ ಆಸ್ಪತ್ರೆಯಲ್ಲಿ ಇಟ್ಟಿದ್ದಾರೆ, ಆಪರೇಷನ್ ಅಂತೆ, ಎನ್ನುವಷ್ಟರಲ್ಲಿ ಕಟ್ಟಾಯಿತು. ಮತ್ತೆ ಹತ್ತಲಿಲ್ಲ. ಸಿಕ್ಕ ಬಸ್ಸು ಹಿಡಿದು ಹೋದೆ. ದಾರಿಯುದ್ದಕ್ಕೂ ಕೆಟ್ಟದ್ದೇ ಯೋಚಿಸಿದೆ. ಆಸ್ಪತ್ರೆಯ ಅಂಗಳದ ಬೆಂಚಿನ ಮೇಲೆ, ಒಂದು ಕಣ್ಣಿಗೆ ಪಟ್ಟಿ, ಅದರ ಮೇಲೆ ಕಪ್ಪು ಚಸ್ಮಾ ಹಾಕಿಕೊಂಡು ಅಕ್ಕಾರು ಆರಾಮಾಗಿ ಕುಳಿತಿದ್ದರು. ಕಣ್ಣಿನ ಪೊರೆ ತೆಗೆದಿದ್ದರು, ಅಷ್ಟೇ. ಈರಪ್ಪನವರು ಆಟೋ ತರಲು ಹೋಗಿದ್ದರು.

“ಯಾರದು?”

“ನಾನ್ರಿ ಅಕ್ಕಾರ.”

“ತಮ್ಮಾ! ಬಾ, ಕೂಡ್ರು. ಊಟ ಆಗೈತಿಲ್ಲೋ?”

ಅವರ ಕಣ್ಣಿಗೆ ನಾನು ಸರಿಯಾಗಿ ಕಾಣುತ್ತಿರಲಿಲ್ಲ. ಅದರಿಂದಲೇ ಧೈರ್ಯ ಬಂತೇನೋ. “ಅಕ್ಕಾರ, ಅವತ್ತ ದ್ವೀಪದಾಗ ನಾ ಎಣಿಸಿರಲಿಲ್ರಿ,” ಎಂದುಬಿಟ್ಟೆ.

“ಗೊತ್ತೈತಿ.”

“ಹೆಂಗ್ರಿ?”

“ಚೀಲ ಎಣಸುವಾಗ ನಿನ್ನ ತುಟಿ ಅಲಗತಾವು. ಅವತ್ತ ಅಲಗಲಿಲ್ಲ.”

ನಾನು ಅವರ ಪಕ್ಕ ಬೆಂಚಿನ ಮೇಲೆ ಕುಳಿತೆ. ಅವರು ಕೈಯಾಡಿಸಿ ನನ್ನ ಮೊಣಕಾಲು ಹುಡುಕಿ, ಮೇಲೆ ಕೈ ಇಟ್ಟರು.

“ನನಗೂ ಖರೇ ಗೊತ್ತಿರಲಿಲ್ಲೋ. ಒಳಗ ಹೋಗಿದ್ದು ನೋಡಿದ್ದೆ, ಹೊರಗ ಬಂದಿದ್ದು ನೋಡಿರಲಿಲ್ಲ. ಅವರು ಆ ಬೋಟಿನಾಗ ಇದ್ರೂ ಇರಬಹುದಾಗಿತ್ತು. ಅಷ್ಟು ಗಂಡಸ್ರ ಮುಂದ ನಾ ಹುಚ್ಚಿ ಆಗತಿದ್ದೆ. ಎದಿ ಡವಡವ ಅಂತಿತ್ತು.” ನಕ್ಕರು. “ನೀ ಇದನ್ನ ಇಷ್ಟು ವರ್ಷ ಹೊತ್ಕೊಂಡು ತಿರಗೀ ಏನು? ಇಳಸು ಇನ್ನ.”

ಅಷ್ಟರಲ್ಲಿ ಆಟೋ ಬಂತು. ಈರಪ್ಪನವರು ಇಳಿದು, ಹೆಂಡತಿಯ ತೋಳು ಹಿಡಿದು, ಒಂದೊಂದೇ ಮೆಟ್ಟಿಲು ಹೇಳುತ್ತ ಇಳಿಸಿದರು. ಅದೇ ನಾನು ಅಕ್ಕಾರನ್ನು ಕೊನೆಯ ಸಲ ನೋಡಿದ್ದು. ಎರಡು ವರ್ಷದ ಮೇಲೆ ಅವರು ತೀರಿಕೊಂಡಾಗ ನಾನು ಜ್ವರದಿಂದ ಮಲಗಿದ್ದೆ, ಮಣ್ಣಿಗೆ ಹೋಗಲಾಗಲಿಲ್ಲ.

ಅವತ್ತು ಆಟೋದಲ್ಲಿ ಕುಳಿತ ಮೇಲೆ ಅವರು ಹೊರಗೆ ತಲೆ ಹಾಕಿ, ಬೀದಿಗೆಲ್ಲ ಕೇಳುವಂತೆ ಹೇಳಿದರು: “ನಾಳೆ ಪಟ್ಟಿ ಬಿಚ್ಚತಾರ, ತಮ್ಮಾ. ಇಷ್ಟು ವರ್ಷ ಮಬ್ಬು ಮಬ್ಬಾಗಿ ನೋಡಿದ ಇವರ ಮಾರಿ ಇನ್ನ ನನಗ ಸ್ವಚ್ಛ ಕಾಣತೈತಿ ಅಂತ ಇವರಿಗೆ ಹೆದರಿಕಿ ಹತ್ತೈತಿ!”

ಈರಪ್ಪನವರು ನಾಚಿಕೊಂಡು ಡ್ರೈವರಿಗೆ, “ನಡಿಯಪಾ, ನಡಿ,” ಎಂದರು. ಆಟೋ ಹೋಯಿತು. ನಾನು ಆಸ್ಪತ್ರೆಯ ಎದುರಿನ ಖಾನಾವಳಿಗೆ ಹೋಗಿ ಕುಳಿತು, ಎಷ್ಟೋ ದಿನಗಳ ಮೇಲೆ, ಹೊಟ್ಟೆ ತುಂಬ ಊಟ ಮಾಡಿದೆ.