ಹಗೇವಿನ ಮೆಂತ್ಯ

ಇವತ್ತು ಬೆಳಿಗ್ಗೆ ಹರಪನಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ನನ್ನ ಕೈಗೊಂದು ಒದ್ದೆ ಬಟ್ಟೆಯ ಗಂಟು ಕೊಟ್ಟರು. ಬಿಚ್ಚುವ ಮೊದಲೇ ಹಸಿ ಮೆಂತ್ಯದ ಘಮ. ಈ ಸುಡುಬಿಸಿಲಲ್ಲಿ ಎಳೆ ಸೊಪ್ಪು ಎಲ್ಲಿಂದ ಬಂತು ಅಂತ ನೀವು ಕೇಳದಿದ್ದರೂ ನಾನು ಹೇಳುವವಳೇ.

ನನ್ನ ತವರು ಕಾನಹೊಸಹಳ್ಳಿ ಹತ್ತಿರ. ಅಲ್ಲಿ ದೊಡ್ಡವ್ವನ ಅಂಗಳದಲ್ಲೊಂದು ಹಗೇವು ಇದೆ. ಹಿಂದೆ ಜೋಳ ತುಂಬಿಡುತ್ತಿದ್ದ ಆಳುದ್ದದ ಗುಂಡಿ. ಹೊಸ ಸೊಸೆ ತೆಳ್ಳಗಿದ್ದಾಳೆಂದು ಜೋಳ ತೆಗೆಯಲು ದೊಡ್ಡವ್ವನನ್ನೇ ಇಳಿಸುತ್ತಿದ್ದರಂತೆ. ಆಮೇಲೆ ಅದು ಬರಿದಾಯಿತು. ಮೂರು ವರ್ಷದ ಹಿಂದೆ ಅವಳ ಮಗ ಈರಣ್ಣ, ಅದನ್ನು ಮುಚ್ಚಿ ಟ್ರ್ಯಾಕ್ಟರ್ ನಿಲ್ಲಿಸುತ್ತೇನೆಂದು ಒಂದು ಲೋಡ್ ಮೊರಂ ಮಣ್ಣು ತಂದು ಸುರಿಸಿದ.

"ನನ್ನ ಹರೇ ಎಲ್ಲಾ ಅದರಾಗ ಇಳಿದು ಹತ್ತೂದ್ರಾಗ ಹೋಗೈತಿ. ಮುಚ್ಚಬ್ಯಾಡಲೇ," ಎಂದಳು ದೊಡ್ಡವ್ವ. ಎರಡು ದಿನ ಸರಿಯಾಗಿ ಉಣ್ಣಲೂ ಇಲ್ಲ.

ಬೇಸಿಗೆಗೆಂದು ತವರಿಗೆ ಹೋಗಿದ್ದ ನಾನು ಆಗ ಬಾಯಿ ಹಾಕಿದೆ. ಚಳಿ ದೇಶದವರು ನೆಲದೊಳಗೆ ಗುಂಡಿ ತೋಡಿ, ಮೇಲೆ ಪ್ಲಾಸ್ಟಿಕ್ ಹೊದಿಸಿ ವರ್ಷವಿಡೀ ತರಕಾರಿ ಬೆಳೆಯುವುದನ್ನು ಮೊಬೈಲಿನಲ್ಲಿ ನೋಡಿದ್ದೆ. "ಒಂದು ಬ್ಯಾಸಗಿ ಬಿಡು ಅಣ್ಣ, ಸೊಪ್ಪು ಬೆಳದು ತೋರಸ್ತೀವಿ."

"ಆತು ಇಂಜಿನಿಯರ್ ಬಾಯಾರ. ಬೆಳೀಲಿಲ್ಲಂದ್ರ ಮುಚ್ಚೋದಽ ಮತ್ತ."

ಹಗೇವಿನ ಬಾಯಿ ಅಗಲ ಮಾಡಿಸಿದೆವು, ಎದೆಮಟ್ಟ ಆಳ ಉಳಿಯುವಂತೆ ಕೆರೆಮಣ್ಣು, ಗೊಬ್ಬರ ತುಂಬಿ ಮೆಂತ್ಯ ಚೆಲ್ಲಿದೆವು. ನಾನು ಪ್ಲಾಸ್ಟಿಕ್ ಎಳೆದೆ. ದೊಡ್ಡವ್ವನ ಕೈ ತನಗೆ ಗೊತ್ತಿದ್ದ ಕೆಲಸವನ್ನೇ ಮಾಡಿತು: ಜೋಳಕ್ಕೆ ಮಾಡುವಂತೆ ಸುತ್ತ ಜೋಳದ ಒಣದಂಟಿನ ಸೊಪ್ಪೆ ಒತ್ತಿ, ಸಗಣಿ-ಮಣ್ಣು ಮೆತ್ತಿಬಿಟ್ಟಳು. "ಇರಬಿ ಸೈತ ಹೋಗಂಗಿಲ್ಲ ನೋಡು!" ಇಂಜಿನಿಯರ್ ಬಾಯಾರಾದ ನಾನೂ ಭೇಷ್ ಅಂದೆ. ಆರನೇ ದಿನ ತೆಗೆದರೆ ಮುಖಕ್ಕೆ ಹಬೆ ಹೊಡೆಯಿತು. ಮೊಳಕೆಗಳೆಲ್ಲ ಬೆಂದಿದ್ದವು.

ಈರಣ್ಣ ಇಣುಕಿ, "ಪಲ್ಯ ಆಗೇಬಿಟ್ಟೈತಲ್ಲ! ಒಗ್ಗರಣಿ ಒಂದು ಬಾಕಿ," ಎಂದ. ನನಗೆ ಎಲ್ಲಾದರೂ ಓಡಿಹೋಗಬೇಕೆನ್ನಿಸಿತು.

ದೊಡ್ಡವ್ವ ಬೆಂದ ಮೊಳಕೆಯೊಂದನ್ನು ಕಿತ್ತು ನೋಡಿದಳು. "ಜ್ವಾಳಕ್ಕ ಗಾಳಿ ಆಗಂಗಿಲ್ಲ. ಸೊಪ್ಪಿಗೆ ಗಾಳಿ ಇಲ್ಲಂದ್ರ ಆಗಂಗಿಲ್ಲ. ನನಗಽ ಹೊಳೀಲಿಲ್ಲ ನೋಡು." ಒಳಗೆ ಹೋಗಿ ಟ್ರಂಕಿನಿಂದ ಎರಡು ಹಳೆ ಸೀರೆ ತಂದಳು. ಪ್ಲಾಸ್ಟಿಕ್ ಕಿತ್ತು, ಬಿದಿರಿನ ಮೇಲೆ ಅವನ್ನೇ ಹರವಿ, ಬದಿಗೆ ಗೇಣಗಲ ಸಂದು ಬಿಟ್ಟೆವು. ಒಳಗೆ ತಂಪೋ ತಂಪು. ಮತ್ತೆ ಬಿತ್ತಿದ ಮೆಂತ್ಯ ಹಸಿರಾಗಿ ಎದ್ದಿತು.

ಒಂದು ಮಧ್ಯಾಹ್ನ ಹೊಲದಿಂದ ಬಂದ ಈರಣ್ಣನಿಗೆ ದೊಡ್ಡವ್ವ ರೊಟ್ಟಿ, ಶೇಂಗಾ ಚಟ್ನಿ, ಹಸಿ ಮೆಂತ್ಯ ಬಡಿಸಿದಳು. ಅವನು ತಿನ್ನುತ್ತಾ ಹೋದ. ಸೊಪ್ಪು ಮುಗಿಯಿತು, ರೊಟ್ಟಿ ಉಳಿಯಿತು. ಎದ್ದು ಏಣಿ ಇಳಿದು ತಾನೇ ಒಂದು ಹಿಡಿ ಕಿತ್ತುಕೊಂಡು ಬಂದ. ಮರುದಿನ ಆ ಮೊರಂ ಎಲ್ಲ, ಮಳೆನೀರು ನುಗ್ಗದಂತೆ, ಹಗೇವಿನ ಸುತ್ತ ಒಡ್ಡಾಯಿತು. ನನಗೆ ಸಂತೋಷಕ್ಕೆ ಅಳುವೇ ಬಂತು.

ಈಗ ಮನೆಗೆ ಬಂದು ಫೋನ್ ಮಾಡಿದೆ. ಈರಣ್ಣ ಗುಂಡಿಯೊಳಗಿದ್ದ. "ಮುಟ್ಟಿತೇನವ್ವ ತಂಗಿ?" ಅನ್ನುವಷ್ಟರಲ್ಲಿ ಮೇಲಿನಿಂದ ದೊಡ್ಡವ್ವನ ದನಿ: "ಗಂಟಿನ ಅರಿವಿ ಬಿಸಾಡಬ್ಯಾಡ ಅನ್ನಲೇ ಆಕಿಗೆ, ವಾಪಸ್ ಕಳಸಾಕ ಹೇಳು. ನನ್ನ ಮದಿವಿ ಸೀರಿ ತುಂಡು ಅದು!"

ಹಗೇವಿಗೆ ಹೊದಿಸಿದ್ದು ಮದುವೆ ಸೀರೆಯೆಂದು ಮೂರು ವರ್ಷದಲ್ಲಿ ಒಂದು ದಿನವೂ ಹೇಳಿರಲಿಲ್ಲ ನೋಡಿ. ಒಲೆಕಟ್ಟೆ ಒರೆಸಲು ಆಗಲೇ ಹಿಂಡಿ ಹಿಡಿದಿದ್ದ ಆ ಬಟ್ಟೆಯನ್ನು ಮೆಲ್ಲಗೆ ಬಿಡಿಸಿ, ನೆರಳಲ್ಲಿ ಒಣಗಲು ಹಾಕಿದೆ.